ನಾಲ್ಕನೇ ಸ್ಟೂಲಿನ ಬೈರಮ್ಮ

ಬೊಮ್ಮಸಂದ್ರದ ಆ ಕಾರ್ಖಾನೆಯಲ್ಲಿ ಬೈರಮ್ಮ ಕೂರುವ ಸ್ಟೂಲಿಗೆ ನಾಲ್ಕು ಅಂತ ನಂಬರು. ಹದಿನೆಂಟು ವರ್ಷದಿಂದ ಅದೇ ಸ್ಟೂಲು. ಮೇಲಿನ ರೆಕ್ಸಿನ್ನು ಎರಡು ಸಲ ಹರಿದು ಎರಡು ಸಲ ಬದಲಾಯಿತು, ಕೂತವಳು ಬದಲಾಗಲಿಲ್ಲ. ಅಂಥ ಸ್ಟೂಲಿನ ಕೆಳಗೆ ಒಂದು ದಿನ ಬೆಳಿಗ್ಗೆ ಬೈರಮ್ಮ ಬಗ್ಗಿ ನೋಡಿದಳು. ಏನು ಹುಡುಕುತ್ತಿದ್ದೇನೆ ಅಂತ ಅವಳಿಗೇ ಗೊತ್ತಿರಲಿಲ್ಲ. ಮಂತ್ರಿಸಿದ ನಿಂಬೆಹಣ್ಣೋ, ಅಯಸ್ಕಾಂತದ ಚೂರೋ, ಯಾರಾದರೂ ಇಟ್ಟುಹೋದ ಏನಾದರೊಂದೋ. ಇದ್ದದ್ದು ಒಂದು ರಬ್ಬರ್ ಬ್ಯಾಂಡು. ಅದನ್ನೂ ಎತ್ತಿ, ಮೂಸಿ ನೋಡಿ, ಕಸದ ಬುಟ್ಟಿಗೆ ಹಾಕಿದಳು.

ಹನ್ನೊಂದು ದಿನದಿಂದ ಅವಳ ಕೆಲಸ ಕೆಡುತ್ತಿತ್ತು. ಸಂಜೆ ಸರಿಯಾಗಿದ್ದ ಪೀಸು ಬೆಳಿಗ್ಗೆ ಕೆಟ್ಟಿರುತ್ತಿತ್ತು, ಅದೂ ಮೂರಕ್ಕೆ ಒಂದರಂತೆ. ಮೂರನೇ ಸ್ಟೂಲಿನವಳದು ಚೆನ್ನಾಗಿತ್ತು, ಐದನೆಯವಳದು ಚೆನ್ನಾಗಿತ್ತು, ನಾಲ್ಕರದು ಮಾತ್ರ ಹೀಗೆ. ಒಬ್ಬಳದು ಮಾತ್ರ ಕೆಡುತ್ತದೆ ಅಂದರೆ ಒಂದೋ ಆ ಕೈ ಕೆಟ್ಟಿದೆ, ಇಲ್ಲವೇ ಆ ಕೈಕೆಲಸದಲ್ಲಿ ಇನ್ನೊಬ್ಬರು ಕೈಯಾಡಿಸುತ್ತಿದ್ದಾರೆ. ತನ್ನ ಕೈ ಕೆಟ್ಟಿಲ್ಲವೆಂದು ಬೈರಮ್ಮನಿಗೆ ಗೊತ್ತಿತ್ತು. ಹಾಗಾಗಿ ಉಳಿದದ್ದು ಎರಡನೆಯದೇ.

ಪೀಸು ಅಂದರೆ ಮೊಬೈಲ್ ಟವರಿನ ಮೇಲೆ ಕೂರುವ ಫಿಲ್ಟರು. ನೋಡಲಿಕ್ಕೆ ದೊಡ್ಡದೊಂದು ಊಟದ ಡಬ್ಬಿಯಷ್ಟಿರುವ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಆರು ಗೂಡು, ಗೂಡಿಗೊಂದು ಗಿಡ್ಡ ಕಂಬ, ಎಲ್ಲಕ್ಕೂ ಬೆಳ್ಳಿಯ ತೆಳು ಲೇಪ. ಮೇಲೆ ಮುಚ್ಚಳ, ಮುಚ್ಚಳದ ತುಂಬ ಸ್ಕ್ರೂಗಳು. ಗಾಳಿಯಲ್ಲಿ ಎಷ್ಟೋ ಕಂಪನಿಗಳ ಅಲೆಗಳು, ಪೊಲೀಸಿನವರದು, ವಿಮಾನದವರದು, ಎಲ್ಲ ಒಂದರ ಮೇಲೊಂದು ಹಾಯುತ್ತಿರುತ್ತವೆ. ಈ ಪೆಟ್ಟಿಗೆ ತನಗೆ ಬೇಕಾದ ಅಲೆಯನ್ನು ಮಾತ್ರ ಬಿಟ್ಟುಕೊಂಡು ಬೇಡದ್ದನ್ನು ಆಚೆಗೆ ತಳ್ಳುತ್ತದೆ. ರಾಗಿಹಿಟ್ಟಿನ ಜರಡಿ ಇದ್ದ ಹಾಗೆ ಅನ್ನುತ್ತಿದ್ದಳು ಬೈರಮ್ಮ. ಆದರೆ ಜರಡಿಯ ಕಣ್ಣು ಅಂಗಡಿಯಿಂದಲೇ ಬಂದಿರುತ್ತದೆ, ಇದರ ಕಣ್ಣನ್ನು ಮನುಷ್ಯರ ಬೆರಳೇ ತೆರೆಯಬೇಕು. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಎದುರಿನ ಪರದೆಯ ಮೇಲಿನ ಗೆರೆ ಅಲ್ಲಾಡುತ್ತದೆ. ಒಂದು ಗೆರೆ ಮನೆಯ ಜಗಲಿಯಂತೆ ಮೇಲೆ ಮಟ್ಟವಾಗಿ, ಎರಡೂ ಕಡೆ ದಡಕ್ಕನೆ ಇಳಿಯಬೇಕು. ಇನ್ನೊಂದು ಗೆರೆ ಆಲದ ಮರದ ಬಿಳಲುಗಳ ಹಾಗೆ ಆರು ಕಡೆ ಕೆಳಕ್ಕೆ ಇಳಿಬಿದ್ದಿರಬೇಕು. ಒಂದು ಬಿಳಲನ್ನು ಇಳಿಸಿದರೆ ಪಕ್ಕದ್ದು ಮೇಲಕ್ಕೆ ಹೋಗುತ್ತದೆ, ಅದನ್ನು ಎಳೆದರೆ ಇದು ಮುನಿಸಿಕೊಳ್ಳುತ್ತದೆ. ಆರನ್ನೂ ಒಲಿಸಿಕೊಂಡು ಸ್ಕ್ರೂವಿನ ನಟ್ಟು ಬಿಗಿದು, ಅದರ ಮೇಲೊಂದು ತೊಟ್ಟು ಕೆಂಪು ಬಣ್ಣ ಇಟ್ಟರೆ ಆಯಿತು. ಆಮೇಲೆ ಯಾರು ತಿರುಗಿಸಿದರೂ ಆ ಬಣ್ಣ ಒಡೆದು ಗೊತ್ತಾಗುತ್ತದೆ.

ಈ ಕೆಲಸಕ್ಕೆ ಬೈರಮ್ಮ ಬಂದದ್ದು ಪೊರಕೆ ಹಿಡಿದುಕೊಂಡು. ಜಿಗಣಿ ಹತ್ತಿರದ ಹಳ್ಳಿಯವಳು, ಓದಿದ್ದು ಆರನೇ ಕ್ಲಾಸು. ಅವಳ ತಾಯಿ ಆನೇಕಲ್ಲಿನ ಮಗ್ಗದವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಕಣ್ಣಿಗೆ ಕಾಣದ ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕಿ ಗಂಟು ಹಾಕುವುದು ಮಗಳಿಗೆ ಏಳು ವರ್ಷಕ್ಕೇ ಬಂದಿತ್ತು. ಕಾರ್ಖಾನೆಯಲ್ಲಿ ಕಸ ಗುಡಿಸುತ್ತ ಗುಡಿಸುತ್ತ ಪರದೆಗಳನ್ನು ನೋಡುತ್ತಿದ್ದವಳು ಒಂದು ದಿನ ಸ್ಟೂಲಿನ ಮೇಲಿದ್ದವಳಿಗೆ, ಅಕ್ಕ, ನಿನ್ನ ಎರಡನೇ ಬಿಳಲು ಗಿಡ್ಡ ಆಯ್ತು ನೋಡು, ಅಂದಳಂತೆ. ಹಿಂದೆ ವಾದಿರಾಜರು ನಿಂತಿದ್ದರು. ಅವರು ಸರ್ಕಾರಿ ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದು ಇಲ್ಲಿಗೆ ಬಂದವರು, ಇಡೀ ಫ್ಲೋರಿಗೆ ಮೇಲಧಿಕಾರಿ, ಮನೆಯಲ್ಲಿ ಪೂಜೆಗೆ ಕೂತಾಗ ಹಣೆಯ ಮೇಲೆ ಅಂಗಾರ ಅಕ್ಷತೆ ಇಟ್ಟುಕೊಳ್ಳುವ ಆಚಾರವಂತರು. ಅವರು ಒಂದು ಸ್ಕ್ರೂಡ್ರೈವರು ತಂದು ಇವಳ ಕೈಗೆ ಕೊಟ್ಟರು. ಪೊರಕೆಯನ್ನು ಗೋಡೆಗೆ ಒರಗಿಸಿ ಕೂತವಳು ಇವತ್ತಿಗೂ ಎದ್ದಿಲ್ಲ.

ಪ್ರತಿವರ್ಷ ಆಯುಧ ಪೂಜೆಯ ದಿನ ಸ್ಟೂಲಿನವರು ಅವರವರ ಸ್ಕ್ರೂಡ್ರೈವರು, ಪುಟ್ಟ ಸ್ಪ್ಯಾನರು ತಂದು ದೊಡ್ಡ ತಟ್ಟೆಯಲ್ಲಿ ಸಾಲಾಗಿ ಇಡುವುದು ಅಲ್ಲಿನ ಪದ್ಧತಿ. ಸ್ಟೂಲು ಯಾರದೋ, ತಟ್ಟೆಯಲ್ಲಿ ಜಾಗವೂ ಅವರದು. ಆ ವರ್ಷ ಪೂಜೆಗೆ ಇನ್ನು ಒಂಬತ್ತು ದಿನ ಇರುವಾಗ ವಾದಿರಾಜರು ಬೈರಮ್ಮನನ್ನು ಕರೆದು ಹೇಳಿದರು: ಪೂಜೆಯೊಳಗೆ ಸರಿಹೋಗದಿದ್ದರೆ ನಾಲ್ಕನೇ ಸ್ಟೂಲು ಬಿಟ್ಟು ಪ್ಯಾಕಿಂಗಿಗೆ ಹೋಗಬೇಕು. ಕೊಳ್ಳುವ ಕಂಪನಿಯವರು ನಂಬರು ಹೇಳಿ ಕೇಳುತ್ತಿದ್ದಾರೆ, ಅವರಿಗೆ ಉತ್ತರ ಕೊಡಬೇಕು. ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಬೈರಮ್ಮನಿಗೆ ಅದೇ ಚುಚ್ಚಿತು.

ಪೀಸು ಕೆಡುತ್ತಿದ್ದದ್ದು ಒಂದು ವಿಚಿತ್ರ ರೀತಿಯಲ್ಲಿ. ಬಿಳಲುಗಳೆಲ್ಲ ಇಳಿದೇ ಇರುತ್ತಿದ್ದವು, ಜಗಲಿ ಜಗಲಿಯಾಗೇ ಇರುತ್ತಿತ್ತು. ಆದರೆ ರಾತ್ರಿಯೆಲ್ಲ ಒಲೆಯಂಥ ಪೆಟ್ಟಿಗೆಯಲ್ಲಿ ಕಾಯಿಸಿ ತಣಿಸಿ, ಬೆಳಿಗ್ಗೆ ಪಿಮ್ ರೂಮು ಅನ್ನುವ ಮುಚ್ಚಿದ ಕೋಣೆಗೆ ಒಯ್ಯುತ್ತಾರೆ. ಅಲ್ಲಿ ಎರಡು ಜೋರಾದ ಅಲೆಗಳನ್ನು ಒಟ್ಟಿಗೆ ಒಳಗೆ ಬಿಟ್ಟು, ಪೀಸನ್ನು ಪ್ಲಾಸ್ಟಿಕ್ಕಿನ ಸುತ್ತಿಗೆಯಲ್ಲಿ ಟಕಟಕ ಬಡಿಯುತ್ತಾರೆ. ಒಳಗೆ ಎಲ್ಲಾದರೂ ಬಿಗಿ ತಪ್ಪಿದ್ದರೆ, ಕೊಳೆಯಿದ್ದರೆ, ಎರಡು ಅಲೆ ಸೇರಿ ಮೂರನೆಯದೊಂದು ಹುಟ್ಟಿಬಿಡುತ್ತದೆ. ಯಾರೂ ಕರೆಯದ ಆ ಮೂರನೆಯದೇ ಟವರಿನ ಮೇಲೆ ಹೋಗಿ ಜನರ ಮಾತಿಗೆ ಅಡ್ಡ ಬರುತ್ತದೆ. ಅದಕ್ಕೇ ಆ ಫ್ಲೋರಿನಲ್ಲಿ ಪುಡಿ ಅನ್ನುವುದೇ ನಿಷಿದ್ಧ. ಹಣೆಗೆ ಸ್ಟಿಕ್ಕರು ಮಾತ್ರ, ಕುಂಕುಮವಿಲ್ಲ. ಹೂವಿಲ್ಲ, ಮುಖಕ್ಕೆ ಪೌಡರಿಲ್ಲ. ಬೈರಮ್ಮನ ಪೀಸು ಬಡಿದರೆ ಆ ಮೂರನೆಯದು ಪರದೆಯ ಮೇಲೆ ಮಿಡತೆಯ ಹಾಗೆ ಹಾರುತ್ತಿತ್ತು.

ಅವಳ ಅನುಮಾನ ಮೊದಲು ಹೋಗಿ ಕೂತದ್ದು ಸುಕೃತಿಯ ಮೇಲೆ. ಸುಕೃತಿ ಇಪ್ಪತ್ತಾರರ ಇಂಜಿನಿಯರು ಹುಡುಗಿ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವಳು, ಯುಗಾದಿ ಕಳೆದ ಮೇಲೆ ಸೇರಿದ್ದಳು. ಸ್ಕ್ರೂ ತಿರುಗಿಸುವ ಯಂತ್ರವೊಂದು ಬರುವುದಿತ್ತು, ಅದಕ್ಕೆ ಕಲಿಸುವುದು ಇವಳ ಕೆಲಸ. ಯಂತ್ರ ಯಾರನ್ನು ನೋಡಿ ಕಲಿಯಬೇಕು? ಎಲ್ಲರಿಗಿಂತ ಚೆನ್ನಾಗಿ ಮಾಡುವವಳನ್ನು. ಹಾಗಾಗಿ ಬೈರಮ್ಮನ ತಲೆಯ ಮೇಲೆ ಒಂದು ಕ್ಯಾಮೆರಾ ಕೂತಿತು. ಬೆಳಿಗ್ಗೆಯಿಂದ ಸಂಜೆವರೆಗೆ ಅವಳ ಹತ್ತು ಬೆರಳನ್ನು ಮಾತ್ರ ನೋಡುವ ಕಣ್ಣು. ಕೂತು ಬೆರಳಿನ ಲಟಿಕೆ ಮುರಿದರೂ ಅದಕ್ಕೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಗಳನ್ನು ಆ ಹುಡುಗಿ ಕೇಳುತ್ತಿದ್ದಳು. ಆಂಟಿ, ಇಲ್ಲಿ ಯಾಕೆ ಒಂದು ಕ್ಷಣ ನಿಲ್ಲಿಸಿದ್ರಿ? ಈ ಸ್ಕ್ರೂ ಬಿಟ್ಟು ಆ ಸ್ಕ್ರೂಗೆ ಯಾಕೆ ಹೋದ್ರಿ? ಬೈರಮ್ಮ ಗೊತ್ತಿದ್ದರೂ ಗೊತ್ತಿಲ್ಲ ಅನ್ನುತ್ತಿದ್ದಳು.

ಅವಳ ಲೆಕ್ಕ ಹೀಗಿತ್ತು. ಕೈಕೆಲಸ ನಂಬಲಿಕ್ಕಾಗದು ಅಂತ ತೋರಿಸಿದರೆ ಯಂತ್ರ ಬೇಗ ಬರುತ್ತದೆ. ಅದಕ್ಕೇ ಈ ಹುಡುಗಿ ಸಂಜೆ ಎಲ್ಲರೂ ಹೋದ ಮೇಲೆ ಪೀಸಿಗೆ ಏನೋ ಮಾಡುತ್ತಾಳೆ. ಅತ್ತ ಆಫೀಸಿನಲ್ಲಿ ಇದೇ ಲೆಕ್ಕವನ್ನು ತಿರುಗಿಸಿ ಹಾಕಿದ್ದರು. ಯಂತ್ರ ಕಲಿಯುವುದು ಬೈರಮ್ಮನ ಕೈ ನೋಡಿ. ಆ ಕೈಯೇ ಕೆಟ್ಟದ್ದಾದರೆ ಯಂತ್ರವೂ ಕೆಟ್ಟದ್ದನ್ನೇ ಕಲಿತು ಮೂಲೆ ಸೇರುತ್ತದೆ. ಅದಕ್ಕೇ ಅವಳು ಬೇಕಂತಲೇ ಕೆಡಿಸುತ್ತಿದ್ದಾಳೆ. ಚಹಾ ತರುವವನ ಬಾಯಿಂದ ಈ ಮಾತು ಬಂದು ಕಿವಿಗೆ ಬಿದ್ದ ದಿನ ಬೈರಮ್ಮ ಚಹಾ ಕುಡಿಯಲಿಲ್ಲ. ಆ ಲೋಟವನ್ನೂ ಒಂದು ಸಲ ಒಳಗೆ ಇಣುಕಿ ನೋಡಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಈ ಸಂಗತಿಯನ್ನೆಲ್ಲ ಹೇಳಿಕೊಳ್ಳಲು ಅವಳಿಗಿದ್ದದ್ದು ಮುನಿಯಕ್ಕ ಒಬ್ಬಳೇ. ಮುನಿಯಕ್ಕನಿಗೆ ಅರವತ್ತರ ಹತ್ತಿರ, ಬೈರಮ್ಮನ ಹಳ್ಳಿಯ ಪಕ್ಕದ ಹಳ್ಳಿ. ಫ್ಲೋರಿನ ಬಾಗಿಲಾಚೆ ಮುಚ್ಚಳಗಳ ಕೋಣೆಯಲ್ಲಿ ಅವಳ ಕೆಲಸ. ಲೇಪ ಹಾಕುವವರಿಂದ ಬಂದ ಮುಚ್ಚಳಗಳನ್ನು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸಿ ಒಂದೊಂದು ಸ್ಟೂಲಿನ ಟ್ರೇಗೆ ಜೋಡಿಸಿ ಕಳಿಸುವುದು. ಮಧ್ಯಾಹ್ನ ಇಬ್ಬರೂ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕೂತು ಮುದ್ದೆ ಮುರಿಯುತ್ತಿದ್ದರು. ಮುನಿಯಕ್ಕನಿಗೆ ಬೈರಮ್ಮನ ಮೇಲೆ ಸ್ವಂತ ತಂಗಿಯಷ್ಟು ಅಕ್ಕರೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕುಂಕುಮಕ್ಕೆ ಬಂದಾಗ, ಬೈರಮ್ಮನ ಅತ್ತೆಯ ಕಾಲದ ಬೆಳ್ಳಿಯ ಲಕ್ಷ್ಮಿ ಮುಖವನ್ನು ಎಷ್ಟೋ ಹೊತ್ತು ನೋಡುತ್ತ ನಿಂತಿದ್ದಳು. ಹೊಸದಾಗಿ ಎರಕ ಹೊಯ್ದ ಹಾಗಿತ್ತು ಆ ಮುಖ. ಬೈರಮ್ಮ ಬೀಗಿ ಏನೇನೋ ಹೇಳಿ ತಾಂಬೂಲ ಕೊಟ್ಟು ಕಳಿಸಿದ್ದಳು.

ಆ ಉಡುಗಿ ಮ್ಯಾಗೆ ಒಂದು ಕಣ್ಣಿಡು ಅಂತ ಹೇಳಿದವಳೂ ಮುನಿಯಕ್ಕನೇ. ನಗನಗತಾ ಮಾತಾಡೋರ್ನ ನಂಬಬ್ಯಾಡ, ನಮ್ಮಪ್ಪ ಮುನೇಶ್ವರನ ಕಟ್ಟೆಗೆ ಒಂದು ಹರಕೆ ಹೊತ್ಕೊ ಅಂದಳು. ಬೈರಮ್ಮ ಎರಡನ್ನೂ ಮಾಡಿದಳು.

ಕಣ್ಣಿಡುವುದಕ್ಕೆ ಅವಳು ಕಂಡುಕೊಂಡ ಉಪಾಯ ಅವಳದೇ. ಕೆಂಪು ಬಣ್ಣದ ಶೀಸೆ ಯಾರ ಕೈಗೂ ಸಿಗುತ್ತದೆ, ಒಡೆದು ಮತ್ತೆ ಇಟ್ಟರೆ ಯಾರಿಗೆ ತಿಳಿಯುತ್ತದೆ? ಅದಕ್ಕೆ ಅವಳು ಬಣ್ಣ ಒಣಗಿದ ಮೇಲೆ ಸ್ಪ್ಯಾನರಿನ ಚೂಪು ತುದಿಯಿಂದ ಅದರ ಮೇಲೆ ಒಂದು ಕಾಣದಷ್ಟು ಸಣ್ಣ ಗೀರು ಎಳೆಯತೊಡಗಿದಳು. ಸೋಮವಾರ ಉದ್ದ ಗೀರು, ಮಂಗಳವಾರ ಅಡ್ಡ ಗೀರು, ಬುಧವಾರ ಓರೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕೆಟ್ಟ ಪೀಸುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ನೋಡುವಳು. ಗೀರುಗಳೆಲ್ಲ ಎಳೆದ ಹಾಗೇ ಇದ್ದವು. ಒಂದೂ ಮಿಸುಕಿರಲಿಲ್ಲ. ಅಂದರೆ ಸ್ಕ್ರೂ ಯಾರೂ ಮುಟ್ಟಿಲ್ಲ.

ಬೇರೆಯವರಾಗಿದ್ದರೆ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ಬೈರಮ್ಮನಿಗೆ ಹೆಚ್ಚಾಯಿತು. ಮುಟ್ಟದೆಯೇ ಕೆಡಿಸುವುದು ಓದಿದವರಿಗೆ ಗೊತ್ತಿರುತ್ತದೆ. ಆ ಕ್ಯಾಮೆರಾದಿಂದಲೇ ಏನಾದರೂ ಬರುತ್ತಿದ್ದರೆ? ಒಂದು ಮಧ್ಯಾಹ್ನ ಅವಳು ಯಾರೂ ಇಲ್ಲದಾಗ ಕ್ಯಾಮೆರಾದ ಕಣ್ಣಿಗೆ ತನ್ನ ಕರವಸ್ತ್ರ ಮುಚ್ಚಿ ಕೆಲಸ ಮಾಡಿದಳು. ಆ ಪೀಸೂ ಕೆಟ್ಟಿತು. ಸುಕೃತಿ ಬಂದು ಕರವಸ್ತ್ರವನ್ನು ಮಡಿಸಿ ಮೇಜಿನ ಮೇಲಿಟ್ಟು ಏನೂ ಕೇಳದೆ ಹೋದಳು. ಕೇಳದೆ ಹೋದದ್ದಕ್ಕೆ ಅನುಮಾನ ಇನ್ನೊಂದು ಗೇಣು ಬೆಳೆಯಿತು.

ಮನೆಯಲ್ಲಿ ಗಂಡ ವೆಂಕಟರಮಣಪ್ಪನ ಮುಂದೆ ಹೇಳಿಕೊಂಡಳು. ಅವನು ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಷ್ ಹಿಡಿಯುವವನು. ಮೂವತ್ತು ವರ್ಷ ಕಲ್ಲಿನ ಜೊತೆ ಇದ್ದು ಅವನದೂ ಅಷ್ಟೇ ಮಾತು. ಹೆಂಡತಿ ಹುಡುಗಿಯನ್ನು ಬೈದಳು, ವಾದಿರಾಜರನ್ನು ಬೈದಳು, ಮೂರನೇ ಸ್ಟೂಲಿನವಳನ್ನೂ ಒಂದು ಸುತ್ತು ಬೈದಳು. ಅವನು ಎಲ್ಲ ಕೇಳಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದ. ಆಮೇಲೆ ಕೈ ತೊಳೆದು ಬಂದು ಒಂದು ಮಾತು ಹೇಳಿದ. "ಹೊರಗಡೆ ಎಲ್ಲಾ ನೋಡ್ಬಿಟ್ಟೆ. ಒಳಗೆ ನೋಡ್ದಾ?"

ಒಳಗೆ ನೋಡುವುದು ಅಂದರೆ ಮುಚ್ಚಳ ಬಿಚ್ಚುವುದು. ಬಿಚ್ಚಿದರೆ ಆರು ಬಿಳಲೂ ಹೋದವು, ಅರ್ಧ ದಿನದ ಕೆಲಸ ಮಣ್ಣುಪಾಲು. ಕೆಟ್ಟ ಪೀಸನ್ನು ಹೊರಗಿನಿಂದಲೇ ಬಿಗಿದು ನೋಡಿ, ಆಗದಿದ್ದರೆ ಬದಿಗಿಡುವುದು ಅಲ್ಲಿನ ಕ್ರಮ. ಅವನ್ನೆಲ್ಲ ತಿಂಗಳ ಕೊನೆಗೆ ಒಟ್ಟಿಗೆ ಬಿಚ್ಚುತ್ತಿದ್ದರು. ತಿಂಗಳ ಕೊನೆ ಆಯುಧ ಪೂಜೆಯ ಆಚೆಗಿತ್ತು. ಬೈರಮ್ಮ ಹೋಗಿ ವಾದಿರಾಜರನ್ನು ಕೇಳಿದಳು. ಅವರು ಆಗುವುದಿಲ್ಲ ಅಂದರು. ಬಿಚ್ಚುವವಳೂ ನೀನೇ, ನೋಡುವವಳೂ ನೀನೇ ಆದರೆ ನಾಳೆ ಯಾರು ನಂಬುತ್ತಾರೆ, ಅಂತ ಕೇಳಿದರು. ಅದು ನಿಜವೇ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಅವಳು ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಗ ಹಿಂದಿನಿಂದ ಸುಕೃತಿ, ಸಾರ್, ನಾನು ಎದುರಿಗಿರ್ತೀನಿ, ನಾನೇ ಬರ್ಕೋತೀನಿ, ಒಂದು ಪೀಸು ಬಿಚ್ಚೋಣ, ಅಂದಳು. ವಾದಿರಾಜರು ಒಪ್ಪಿದರು. ಬೈರಮ್ಮನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇವಳೇ ಯಾಕೆ ಮುಂದೆ ಬಂದಳು? ಒಳಗೆ ಏನಿದೆ ಅಂತ ಮೊದಲೇ ಗೊತ್ತಿದೆಯೋ? ಇಲ್ಲ, ಬಿಚ್ಚುವ ನೆವದಲ್ಲಿ ಸಾಕ್ಷಿ ಅಳಿಸುತ್ತಾಳೋ? ಪೀಸನ್ನು ತಾನೇ ಆರಿಸುತ್ತೇನೆ ಅಂದಳು. ಸಾಲಿನ ನಡುವಿನಿಂದ ಒಂದನ್ನು ಎತ್ತಿಕೊಂಡಳು, ಗೀರು ನೋಡಿದಳು, ಮಂಗಳವಾರದ್ದು.

ಮೂವತ್ತೆರಡು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಮೆಲ್ಲಗೆ ಎತ್ತಿ ಮಗುಚಿದರು. ಸುಕೃತಿ ಭೂತಗನ್ನಡಿ ಹಿಡಿದು ಗೂಡುಗಳ ಒಳಗೆ ಬಗ್ಗಿದಳು. ಮುಚ್ಚಳ ಫಳಫಳ ಹೊಳೆಯುತ್ತಿತ್ತು, ಬೇರೆ ಯಾವ ಮುಚ್ಚಳಕ್ಕೂ ಇಲ್ಲದ ಹೊಳಪು. ಅಂಚಿನಲ್ಲಿ ಮಾತ್ರ, ಪೆಟ್ಟಿಗೆಯ ಗೋಡೆಗೆ ಕೂರುವ ಕಡೆ, ಬೆಳ್ಳಿ ಸವೆದು ಕೆಳಗಿನ ತಾಮ್ರದ ಕೆಂಪು ಅಲ್ಲಲ್ಲಿ ಇಣುಕುತ್ತಿತ್ತು. ಟ್ರೇಯಿಂದ ಎತ್ತಿ ಕೂರಿಸುವಾಗ ಬೈರಮ್ಮ ಹೊಳಪು ನೋಡಿದ್ದಳೇ ಹೊರತು ಅಂಚು ನೋಡಿರಲಿಲ್ಲ. ಸ್ಕ್ರೂವಿನ ತೂತುಗಳ ಸುತ್ತ ಬೂದುಬಣ್ಣದ ಏನೋ ಸೇರಿಕೊಂಡಿತ್ತು. ಬೈರಮ್ಮ ಕೈಗವಸು ತೆಗೆದು ಹೆಬ್ಬೆರಳಿನಿಂದ ಅದನ್ನು ಒತ್ತಿದಳು. ಬೆರಳಿನ ಗೆರೆಗಳ ನಡುವೆ ಬಿಳಿ ಕೂತಿತು. ಮೂಗಿನ ಹತ್ತಿರ ತಂದಳು.

ಶುಕ್ರವಾರದ ವಾಸನೆ. ದೇವರ ಮುಂದಿನ ವಾಸನೆ.

"ಏನದು ಆಂಟಿ?" ಸುಕೃತಿ ಕೇಳಿದಳು.

"ಧೂಳು," ಅಂದಳು ಬೈರಮ್ಮ.

ಹುಡುಗಿ ಅವಳ ಹೆಬ್ಬೆರಳನ್ನು ನೋಡಿದಳು, ಮುಖವನ್ನು ನೋಡಿದಳು, ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಅವಳ ಮನೆಯಲ್ಲಿ ಬೆಳ್ಳಿ ಸಾಮಾನನ್ನು ಅಂಗಡಿಯ ಕ್ರೀಮಿನಲ್ಲಿ ತೊಳೆಯುತ್ತಿದ್ದರು. ವಾದಿರಾಜರ ಮನೆಯಲ್ಲಿ ವಿಭೂತಿ ಇಡುವವರೇ ಇಲ್ಲ, ಅವರು ನಾಮದವರು. ಬೆಳ್ಳಿಯ ಮೇಲಿನ ಆ ಬೂದಿಯ ಗುರುತು ಹಿಡಿಯುವ ಮೂಗು, ಬೈರಮ್ಮನಿಗೆ ತಿಳಿದ ಮಟ್ಟಿಗೆ, ಆ ಕಟ್ಟಡದಲ್ಲಿ ಇದ್ದದ್ದು ಎರಡೇ. ಒಂದು ಅವಳದು. ಇನ್ನೊಂದು ಯಾರದು ಅಂತ ಹೆಬ್ಬೆರಳು ಮೂಗಿಗೆ ಬಂದ ಗಳಿಗೆಯಲ್ಲೇ ಅವಳಿಗೆ ಗೊತ್ತಾಗಿತ್ತು. ಇಷ್ಟು ದಿನ ಊರ ಮೇಲೆಲ್ಲ ಹರಿದ ಅನುಮಾನ ಒಂದು ಕಡೆ ಮಾತ್ರ ಕಾಲಿಟ್ಟಿರಲಿಲ್ಲ. ಜೊತೆಗೆ ಮುದ್ದೆ ಮುರಿದವಳ ಕಡೆ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅವಳು ಡಬ್ಬಿ ತೆಗೆಯಲಿಲ್ಲ. ಮುನಿಯಕ್ಕ ಎಂದಿನಂತೆ ತನ್ನ ಹುರುಳಿಸಾರು ಬಗ್ಗಿಸಲು ಬಂದಳು. ಬೈರಮ್ಮ ತಟ್ಟೆಗೆ ಕೈ ಅಡ್ಡ ಹಿಡಿದು ಕೇಳಿದಳು.

"ಮುನಿಯಕ್ಕ, ಮುಚ್ಚಳಕ್ಕೆ ಏನ್ ಹಾಕಿ ತಿಕ್ತೀಯ?"

"ಯಾವ್ ಮುಚ್ಚಳಕ್ಕೆ?"

"ನನ್ ಟ್ರೇದಕ್ಕೆ."

ಮುನಿಯಕ್ಕನ ಮುಖ ಅರಳಿತು. ಇದೇ ಅಲ್ಲವೇ ಬೈರಮ್ಮನಿಗೆ ಸಹಿಸಲಾಗದೆ ಹೋದದ್ದು. "ನೋಡ್ದಾ, ಎಂಗೈತೆ? ಕನ್ನಡಿ ಅಂಗೆ. ನೀನೇ ಅಂದ್ಯಲ್ಲ, ಕರಿ ಮುಚ್ಚಳ ಎಲ್ಲಾ ನನಗೇ ಆಕ್ತೀಯ ಅಂತ. ನಂಗೆ ಒಟ್ಟೆ ಉರೀತು ಕಣೇ. ಬ್ಯಾರೇರ್ದು ಎಂಗಾರ ಇರ್ಲಿ, ನಮ್ ಬೈರಿದು ಲಕ್ಷ್ಮಿ ಮುಖ ಇದ್ದಂಗಿರ್ಬೇಕು ಅಂತ, ಒಣ ಇಬೂತಿ ಆಕಿ ಅತ್ತಿ ಬಟ್ಟೇಲಿ ತಿಕ್ಕಿದ್ದು."

"ವಿಭೂತಿ ಹಾಕಂತ ಯಾರ್ ಹೇಳಿದ್ರು ನಿಂಗೆ?"

"ಇನ್ಯಾರು? ಅಬ್ಬದ್ ದಿನ ನೀನೇ ಏಳ್ದೆ."

ಬೈರಮ್ಮನಿಗೆ ಎಲ್ಲ ಬಿಚ್ಚಿ ಎದುರಿಗಿಟ್ಟ ಹಾಗೆ ನೆನಪಾಯಿತು. ತಾಂಬೂಲದ ತಟ್ಟೆ, ಬಾಗಿಲಿನ ತೋರಣ, ತಾನು ಬೀಗಿ ಹೇಳಿದ ಮಾತು. ಬೆಳ್ಳಿಗೆ ಸೋಪೂ ಬೇಡ ಗೀಪೂ ಬೇಡ ಮುನಿಯಕ್ಕ, ಒಣ ವಿಭೂತಿ ಹಾಕಿ ತಿಕ್ಕು, ಎಂಥಾ ಕಪ್ಪೂ ಓಡೋಗುತ್ತೆ. ಹಾಗೆ ಹೇಳಿದವಳ ಬಾಯಿ ತನ್ನದೇ. ಅದಾಗಿ ಕೆಲವು ವಾರದ ಮೇಲೆ ಕಪ್ಪಾಗಿದ್ದ ಮುಚ್ಚಳಗಳ ಒಂದು ಹೊಸ ಪೆಟ್ಟಿಗೆ ಬಂದಾಗ, ನನಗೇ ಕರಿದು ಬರುತ್ತೆ ಅಂತ ಗೊಣಗಿದವಳೂ ತಾನೇ. ಲೆಕ್ಕ ಹಾಕಿದಳು. ಆ ಪೆಟ್ಟಿಗೆ ತೆರೆದು ಇವತ್ತಿಗೆ ಹದಿಮೂರು ದಿನ.

ಹೇಳಿದಳು, ಒಂದೂ ಬಿಡದೆ. ಬೂದಿ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಕೂತು, ಕಾದು ತಣಿದಾಗ ಸರಿದು, ಬಡಿದಾಗ ಹೇಗೆ ಆ ಮೂರನೆಯದನ್ನು ಹುಟ್ಟಿಸುತ್ತದೆ ಅಂತ. ಮುನಿಯಕ್ಕ ಕೇಳುತ್ತ ಕೇಳುತ್ತ ತನ್ನ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆ ಗಂಟಿನಲ್ಲೇ ಇತ್ತು ವಿಭೂತಿಯ ಗಟ್ಟಿ. ಸಾಹೇಬ್ರಿಗೆ ಏಳ್ತೀಯಾ ಅಂತ ಮಾತ್ರ ಕೇಳಿದಳು. ಪುಡಿ ಒಳಗೆ ತಂದವರಿಗೆ ಅಲ್ಲಿ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ವರ್ಷ ಪೌಡರ್ ಹಚ್ಚಿಕೊಂಡು ಬಂದ ಒಬ್ಬಳನ್ನು ಅದೇ ಸಂಜೆ ಗೇಟಿನಾಚೆ ನಿಲ್ಲಿಸಿದ್ದರು.

ಬೈರಮ್ಮ ಎದ್ದು ಹೊರಟಳು. ಒಂದು ಕೆಟ್ಟ ಗಳಿಗೆಯಲ್ಲಿ ಅವಳಿಗೆ ಮುನಿಯಕ್ಕನ ಮೇಲೂ ಅನುಮಾನ ಬಂತು. ಇಷ್ಟು ವರ್ಷ ಮುಚ್ಚಳ ಒರೆಸಿದವಳಿಗೆ ಪುಡಿ ಆಗದು ಅಂತ ನಿಜವಾಗಿ ತಿಳಿದಿರಲಿಲ್ಲವೇ? ಹುಡುಗಿ ಮೇಲೆ ಕಣ್ಣಿಡು ಅಂದದ್ದು ಯಾಕೆ? ತಿರುಗಿ ನೋಡಿದಳು. ಮುನಿಯಕ್ಕ ಅವಳ ಖಾಲಿ ತಟ್ಟೆಗೆ ಸಾರು ಬಗ್ಗಿಸಿ, ಅದಕ್ಕೆ ನೊಣ ಕೂರದಂತೆ ಸೆರಗಿನಲ್ಲಿ ಗಾಳಿ ಹಾಕುತ್ತ ಕೂತಿದ್ದಳು.

ವಾದಿರಾಜರ ಕೋಣೆಯಲ್ಲಿ ಸುಕೃತಿಯೂ ಇದ್ದಳು. ಬೈರಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ಸಾರ್, ಅದು ವಿಭೂತಿ. ಮುಚ್ಚಳ ಕಪ್ಪಗಿತ್ತು ಅಂತ ಉಜ್ಜಿದ್ದು ನಾನು."

ವಾದಿರಾಜರು ಕನ್ನಡಕ ತೆಗೆದರು. ಹದಿನೆಂಟು ವರ್ಷ ಕೂತವಳಿಗೆ ಇದು ತಿಳಿಯಬಾರದೇ ಅಂತ ಕೇಳಿದರು. ಸ್ವಲ್ಪ ಕಪ್ಪಾದರೆ ನಡೆಯುತ್ತದೆ, ಬೂದಿ ನಡೆಯುವುದಿಲ್ಲ, ಇದನ್ನು ಕೇಳಲು ನನ್ನ ಕೋಣೆ ದೂರವಿತ್ತೇ ಅಂದರು. ಆಮೇಲೆ ಅವಳ ಮುಖ ನೋಡಿದರು, ಈ ಸಲ ಕೈಯನ್ನಲ್ಲ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಒಂದು ಎಚ್ಚರಿಕೆ ಪತ್ರ ಬರೆಸಿ ಅವಳ ಕೈಲಿ ಸಹಿ ಹಾಕಿಸಿದರು. ಹೊಸ ಮುಚ್ಚಳ ಹಾಕಿ ಹತ್ತು ಪೀಸು ಮಾಡು, ಹತ್ತೂ ಪಿಮ್ ರೂಮಿನಲ್ಲಿ ಪಾಸಾದರೆ ಸ್ಟೂಲು ನಿನ್ನದು, ಒಂದು ಹೋದರೂ ಪ್ಯಾಕಿಂಗು, ಅಂದರು. ಮುಚ್ಚಳದ ಕೋಣೆಗೆ ಬೋರ್ಡು ಬಂತು: ಸ್ಪಿರಿಟ್ ಬಿಟ್ಟು ಬೇರೆ ಯಾವುದನ್ನೂ ಹಾಕಿ ಉಜ್ಜಬಾರದು. ಮುನಿಯಕ್ಕನಿಗೆ ಓದಲು ಬರುವುದಿಲ್ಲ, ಬೈರಮ್ಮನೇ ಓದಿ ಹೇಳಿದಳು, ಎರಡು ಸಲ.

ಹತ್ತು ಪೀಸಿಗೆ ಐದು ದಿನ ಹಿಡಿಯಿತು. ಮೂರನೇ ದಿನ ಸುಕೃತಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಕೈ ಪುಸ್ತಕದ ಮೇಲಿತ್ತು, ಪುಸ್ತಕ ಮುಚ್ಚಿತ್ತು.

"ಆಂಟಿ, ನಾನು ಎರಡು ತಿಂಗಳದ್ದು ವಿಡಿಯೋ ಪೂರ್ತಿ ನೋಡ್ದೆ. ನೀವು ಒಂದ್ಸಲನೂ ಮುಚ್ಚಳ ಉಜ್ಜಿಲ್ಲ."

ಬೈರಮ್ಮನ ಬೆರಳು ಸ್ಕ್ರೂವಿನ ಮೇಲೇ ನಿಂತಿತು. ತಲೆಯ ಮೇಲಿನ ಆ ಕಣ್ಣಿಗೆ ಎಷ್ಟು ಹೆದರಿದ್ದಳೋ ಅದೇ ಕಣ್ಣು ಅವಳ ಕೈ ಶುದ್ಧ ಅಂತ ಸಾಕ್ಷಿ ಹೇಳುತ್ತಿತ್ತು. ಅವಳು ಹ್ಞೂಂ ಅಂದರೆ ಎಚ್ಚರಿಕೆ ಪತ್ರ ಹರಿಯುತ್ತದೆ. ಆಮೇಲೆ ಇನ್ಯಾರು ಉಜ್ಜಿದ್ದು ಅನ್ನುವ ಪ್ರಶ್ನೆ ಬರುತ್ತದೆ.

"ಕೈಲಿ ಉಜ್ಜಿಲ್ಲ ಮೇಡಮ್ಮ," ಅಂದಳು. "ಬಾಯಲ್ಲಿ ಹೇಳಿ ಉಜ್ಜಿಸಿದ್ದೆ. ಅದು ನಿಮ್ ವಿಡಿಯೋದಲ್ಲಿ ಕಾಣಲ್ಲ."

ಸುಕೃತಿ ಮುಚ್ಚಳದ ಕೋಣೆಯ ಬಾಗಿಲಿನ ಕಡೆ ಒಂದು ಸಲ ನೋಡಿದಳು. ಈ ವಿಡಿಯೋ ಯಂತ್ರಕ್ಕೆ ತೋರಿಸೋಕೆ ಮಾತ್ರ ಆಂಟಿ, ಬೇರೆ ಯಾರೂ ನೋಡಲ್ಲ, ಅಂದಳು. ಹಾಗೆಂದು ಎದ್ದು ಹೋದವಳು ವಾದಿರಾಜರ ಕೋಣೆಗೆ ಹೋಗುತ್ತಾಳೋ ಅಂತ ಬೈರಮ್ಮ ಕತ್ತು ತಿರುಗಿಸಿ ಕೊನೆವರೆಗೆ ನೋಡಿದಳು. ಹುಡುಗಿ ನೀರಿನ ಕ್ಯಾನಿನವರೆಗೆ ಹೋಗಿ, ಲೋಟ ತುಂಬಿಕೊಂಡು, ತನ್ನ ಜಾಗಕ್ಕೆ ಮರಳಿದಳು. ಆವತ್ತು ಮಧ್ಯಾಹ್ನ ಬೈರಮ್ಮ ಯಾರೂ ಕೇಳದೆ ಒಂದು ಮಾತು ಹೇಳಿದಳು. ಎರಡನೇ ಬಿಳಲಿನ ಹತ್ತಿರ ನಾನು ನಿಲ್ಲಿಸೋದು ಯಾಕೆ ಅಂದ್ರೆ, ಸ್ಕ್ರೂ ಬಿಟ್ಟ ಮೇಲೆ ಒಂದು ಉಸಿರು ತಗೋಳೋಷ್ಟು ಹೊತ್ತು ಅದು ಇನ್ನೂ ಇಳೀತಾ ಇರುತ್ತೆ. ಸುಕೃತಿ ಪುಸ್ತಕ ತೆರೆದಳು.

ಹತ್ತನೇ ಪೀಸನ್ನು ಪಿಮ್ ರೂಮಿನಲ್ಲಿ ಬಡಿಯುವಾಗ ಬೈರಮ್ಮ ಬಾಗಿಲ ಗಾಜಿನಾಚೆ ನಿಂತಿದ್ದಳು, ಅವಳ ಬೆನ್ನಿಗೆ ಮುನಿಯಕ್ಕ. ಸುತ್ತಿಗೆ ನಾಲ್ಕು ಮೂಲೆಗೂ ಬಿತ್ತು, ನಡುವೆಯೂ ಬಿತ್ತು. ಪರದೆಯ ಮೇಲೆ ಏನೂ ಹಾರಲಿಲ್ಲ. ವಾದಿರಾಜರು ಸುತ್ತಿಗೆ ತಾವೇ ಇಸಿದುಕೊಂಡು ಇನ್ನೊಂದು ಸಲ ಬಡಿದರು. ಆಮೇಲೆ ಹೊರಗೆ ಬಂದು, ನಾಳೆ ಪೂಜೆಗೆ ಹೂವು ಹೊರಗಡೆಯೇ ಇರಲಿ ಅಂತ ಎಲ್ಲರಿಗೂ ಹೇಳಿ ಹೋದರು.

ಆಯುಧ ಪೂಜೆ ಕಾಂಪೌಂಡಿನಲ್ಲಿ, ಹೊಂಗೆ ಮರದ ಕೆಳಗೆ ನಡೆಯಿತು. ದೊಡ್ಡ ತಟ್ಟೆಯಲ್ಲಿ ನಾಲ್ಕನೆಯ ಜಾಗದಲ್ಲಿ ಬೈರಮ್ಮನ ಸ್ಕ್ರೂಡ್ರೈವರೂ ಸ್ಪ್ಯಾನರೂ ಇದ್ದವು. ಮುನಿಯಕ್ಕ ಪ್ರತಿವರ್ಷದಂತೆ ಎಲ್ಲದಕ್ಕೂ ಕುಂಕುಮ ಇಡುತ್ತ ಬಂದವಳು ಅಲ್ಲಿಗೆ ಬಂದು ನಿಂತಳು. ಬೆರಳು ಗಾಳಿಯಲ್ಲೇ ಇತ್ತು. ಇಡು ಅಕ್ಕ, ತೊಳ್ಕೋತೀನಿ, ಅಂದಳು ಬೈರಮ್ಮ.

ರಜೆ ಮುಗಿದು ಬಂದ ಬೆಳಿಗ್ಗೆ ಅವಳು ಸ್ಪಿರಿಟ್ಟಿನ ಬಟ್ಟೆಯಲ್ಲಿ ಸ್ಕ್ರೂಡ್ರೈವರನ್ನು ಒರೆಸಿದಳು. ಹಿಡಿಯ ಗೆರೆಗಳಲ್ಲಿ ಸೇರಿದ್ದ ಕೆಂಪನ್ನು ಉಗುರಿನಿಂದ ತೆಗೆದಳು. ಮತ್ತೆ ಒರೆಸಿ ಮೂಸಿ ನೋಡಿದಳು. ಬಾಗಿಲಿನಿಂದ ಅವಳ ಟ್ರೇ ಬಂತು. ಮೇಲಿನ ಮುಚ್ಚಳ ಮೋಡ ಕವಿದ ಹಾಗೆ ಕಪ್ಪಗಿತ್ತು. ಬೈರಮ್ಮ ಅದನ್ನು ಬೆಳಕಿಗೆ ಹಿಡಿದು ಅಂಚನ್ನೆಲ್ಲ ಹೆಬ್ಬೆರಳಿನಿಂದ ಸವರಿದಳು, ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಮುಚ್ಚಳ ಕೂರಿಸಿ ಮೊದಲನೇ ಸ್ಕ್ರೂ ಹಿಡಿದಳು. ಸಂಜೆ ಕೆಂಪು ಬಣ್ಣ ಒಣಗಿದ ಮೇಲೆ, ಯಾರೂ ನೋಡದ ಹಾಗೆ, ಒಂದು ಓರೆ ಗೀರನ್ನೂ ಎಳೆದಳು.